ಕ್ಯಾಸಿನೊ ರಾಯಲ್: ಮೂರರಲ್ಲಿ ಯಾವುದನ್ನು ನೋಡೋದು?

ಬ್ರಿಟಿಷ್ ಗೂಢಚಾರ ಜೇಮ್ಸ್ ಬಾಂಡ್ ಬಗ್ಗೆ ಇಯಾನ್ ಫ್ಲೆಮಿಂಗ್ ಬರೆದ ಮೊದಲ ಕಾದಂಬರಿ ಇದು, ಬಂದದ್ದು 1953ರಲ್ಲಿ. ತೆರೆಯ ಮೇಲೆ ಮೂರು ಸಲ ಬಂದಿದೆ. ಒಂದೇ ರಾತ್ರಿ ಬಿಡುವಿದೆ ಅಂದರೆ ಯೋಚನೆ ಬೇಡ, ಸುಮ್ನೆ 2006ರದ್ದು ಹಾಕಿಕೊಳ್ಳಿ.

1954ರದ್ದು ಅಮೆರಿಕದ ಟಿವಿಯಲ್ಲಿ ನೇರ ಪ್ರಸಾರವಾದ, ಒಂದು ಗಂಟೆಯೂ ಇಲ್ಲದ ನಾಟಕ. ಬಾಂಡ್ ಇಲ್ಲಿ ಅಮೆರಿಕದವನು, ಹೆಸರು ಜಿಮ್ಮಿ! ನಗು ಬರುತ್ತೆ, ಅಲ್ವಾ? ಆದರೆ ಖಳನಾಗಿ ಪೀಟರ್ ಲೊರ್ರೆ ಇದ್ದಾರೆ, ಜೂಜು ಕೂಡ ಪುಸ್ತಕದಲ್ಲಿರುವ ಬ್ಯಾಕಾರಾ ಅನ್ನೋ ಇಸ್ಪೀಟಾಟವೇ.

1967ರದ್ದು ಬಾಂಡ್‌ನನ್ನೇ ಗೇಲಿ ಮಾಡುವ ಚಿತ್ರ. ಐವರು ನಿರ್ದೇಶಕರು, ಸಾಲದ್ದಕ್ಕೆ ನಟ ಪೀಟರ್ ಸೆಲ್ಲರ್ಸ್ ಕೆಲಸ ಮುಗಿಯುವ ಮೊದಲೇ ಹೊರಟುಹೋದರು, ಹಾಗಾಗಿ ಕಥೆ ಪೂರ್ತಿ ಕಲಸುಮೇಲೋಗರ. ಬರ್ಟ್ ಬ್ಯಾಕರಾಕ್ ಸಂಗೀತಕ್ಕಾಗಿ ಬೇಕಾದರೆ ನೋಡಿ.

2002ರ ಬಾಂಡ್ ಚಿತ್ರದಲ್ಲಿ ಕಾರೇ ಮಾಯವಾಗುತ್ತಿತ್ತು. ಅಲ್ಲಿಂದ ಸರಣಿಯನ್ನು ನೆಲಕ್ಕಿಳಿಸಿ, ಮೊದಲಿನಿಂದ ಶುರು ಮಾಡಿದ್ದು ಮಾರ್ಟಿನ್ ಕ್ಯಾಂಪ್‌ಬೆಲ್ ನಿರ್ದೇಶಿಸಿದ 2006ರ ಚಿತ್ರ. ಡೇನಿಯಲ್ ಕ್ರೇಗ್‌ನ ಬಾಂಡ್‌ಗೆ ಕೊಲ್ಲುವ ಪರವಾನಗಿ ಈಗಷ್ಟೇ ಸಿಕ್ಕಿದೆ. ತಪ್ಪು ಮಾಡ್ತಾನೆ, ಏಟು ತಿಂತಾನೆ, ತಾನು ಪ್ರೀತಿಸಿದ ವೆಸ್ಪರ್‌ಳನ್ನು ನಂಬಿ ಕೆಡ್ತಾನೆ. ಬ್ಯಾಕಾರಾ ಹೋಗಿ ಪೋಕರ್ ಬಂದಿದೆ, ಜೂಜಿಗೆ ಮುಂಚಿನ ಓಡಾಟವೆಲ್ಲ ಹೊಸದು. ಆದರೂ ಕುರ್ಚಿಗೆ ಕಟ್ಟಿ ಹಿಂಸಿಸುವ ದೃಶ್ಯ, ವೆಸ್ಪರ್‌ಳ ದ್ರೋಹ ಎರಡೂ ಪುಸ್ತಕದಿಂದಲೇ ಬಂದವು. 144 ನಿಮಿಷ, ಕೊನೆಯ ಅರ್ಧ ಗಂಟೆ ನನಗೆ ಸ್ವಲ್ಪ ಜಾಸ್ತಿ ಅನ್ನಿಸಿತು. ಇಷ್ಟವಾದರೆ ಪುಸ್ತಕವನ್ನೂ ಓದಿ, ತೆಳ್ಳಗಿದೆ.