ಕೈಯಿಂದ ತಿರುಗಿಸುವ ಡೌನ್‌ರಿಗರ್: ಮಿಶಿಗನ್ ಸರೋವರದಲ್ಲಿ ಏಳು ಸೀಸನ್ ಬಳಸಿದ ಮೇಲೆ

2018ರ ಏಪ್ರಿಲ್‌ನಲ್ಲಿ ನನ್ನ 18 ಅಡಿಯ ಅಲ್ಯೂಮಿನಿಯಂ ಬೋಟಿಗೆ ಸಾಲ್ಮನ್ ಮೀನು ಹಿಡಿಯೋಕೆ ಎರಡು ಕ್ಯಾನನ್ ಯೂನಿ-ಟ್ರೋಲ್ ಡೌನ್‌ರಿಗರ್ (ಗಾಳವನ್ನು ಆಳಕ್ಕೆ ಇಳಿಸುವ ಸಾಧನ) ಕೂರಿಸಿದೆ. 2024ರ ಸೆಪ್ಟೆಂಬರಿಗೆ ಏಳು ಸೀಸನ್ ಆಯಿತು. ಹೆಚ್ಚಾಗಿ ಅಮೆರಿಕದ ಈ ಸರೋವರದ ಪೂರ್ವ ದಡದ ಊರುಗಳಾದ ಗ್ರ್ಯಾಂಡ್ ಹೇವನ್ ಮತ್ತು ಮಸ್ಕೀಗನ್‌ನಿಂದ ಇಳಿಯುತ್ತೇವೆ, ವರ್ಷಕ್ಕೊಂದು ಸಲ ಲಡಿಂಗ್‌ಟನ್. ಇಲ್ಲಿ ಹೊಸದಾಗಿ ಬೋಟು ತಗೊಂಡ ನಮ್ಮವರು ಕೇಳೋದು ಒಂದೇ ಪ್ರಶ್ನೆ: ಎಲೆಕ್ಟ್ರಿಕ್ ಬೇಕಾ, ಕೈಯದ್ದು ಸಾಕಾ? ಸಣ್ಣ ಬೋಟಿಗೆ ಕೈಯದ್ದೇ ಸಾಕು. ಉಳಿದ ದುಡ್ಡನ್ನು ಕೆಳಗಿನ ನೀರಿನ ತಾಪ, ವೇಗ ತೋರಿಸುವ ಪ್ರೋಬಿಗೆ ಹಾಕಿ. ಯಾಕೆ ಅಂತ ಹೇಳುತ್ತೇನೆ.

ನಾನು ಗಾಳ ಹಾಕೋದು ಕಲಿತದ್ದು ಶರಾವತಿ ಹಿನ್ನೀರಿನ ದಡದಲ್ಲಿ, ಎರೆಹುಳ ಸಿಕ್ಕಿಸಿ. ಇಲ್ಲಿ ಆ ಲೆಕ್ಕ ನಡೆಯಲ್ಲ. ಈ ಸರೋವರಕ್ಕೆ ಸಾಲ್ಮನ್ ಬಂದದ್ದೇ ಹೊರಗಿನಿಂದ. ಏಲ್‌ವೈಫ್ ಅನ್ನೋ ಸಣ್ಣ ಮೀನು ವಿಪರೀತ ಹೆಚ್ಚಿ, ಸತ್ತು ದಡದ ತುಂಬಾ ಕೊಳೆಯುತ್ತಿದ್ದ ಕಾಲ ಅದು. ಅದನ್ನು ತಿನ್ನಲಿ ಅಂತ, ಮಿಶಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥ ಹೊವರ್ಡ್ ಟ್ಯಾನರ್ ಅವರ ಮುಂದಾಳತ್ವದಲ್ಲಿ 1966ರಲ್ಲಿ ಕೋಹೊ, 1967ರಲ್ಲಿ ಚಿನೂಕ್ ಅನ್ನೋ ಜಾತಿಯ ಸಾಲ್ಮನ್ ಮರಿಗಳನ್ನು ಬಿಟ್ಟರು. ಚಿನೂಕನ್ನು ಇಲ್ಲಿ ಎಲ್ಲರೂ ಕಿಂಗ್ ಅಂತಲೇ ಕರೆಯುತ್ತಾರೆ. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾದಾಗ ಕಿಂಗ್ 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್ ಇರುವ ತಣ್ಣನೆಯ ಪದರ ಹುಡುಕಿಕೊಂಡು ಇಳಿಯುತ್ತದೆ. ಆ ಪದರ ಒಂದು ದಿನ 30 ಅಡಿಯಲ್ಲಿದ್ದರೆ ಇನ್ನೊಂದು ದಿನ 90 ಅಡಿಯಲ್ಲಿ. ಅಲ್ಲಿಗೆ ಸ್ಪೂನು (ಸಣ್ಣ ಮೀನಿನ ಹಾಗೆ ಹೊರಳುವ ಲೋಹದ ಗಾಳ) ತಲುಪಿಸಬೇಕು, ತಲುಪಿಸಿ ಅಲ್ಲೇ ಓಡಿಸಬೇಕು.

ಅದಕ್ಕೇ ಡೌನ್‌ರಿಗರ್. ಬೋಟಿನ ಅಂಚಿನಲ್ಲಿ ಒಂದು ರಾಟೆ, ಉಕ್ಕಿನ ತಂತಿ, ತಂತಿಯ ತುದಿಗೆ 10 ಪೌಂಡಿನ ಗುಂಡು. ಸ್ಪೂನನ್ನು 15–20 ಅಡಿ ಹಿಂದಕ್ಕೆ ಬಿಟ್ಟು, ರಾಡಿನ ದಾರವನ್ನು ಗುಂಡಿನ ಹತ್ತಿರದ ಕ್ಲಿಪ್ಪಿಗೆ ಸಿಕ್ಕಿಸಿ ಇಳಿಸುತ್ತೇವೆ. ಆಮೇಲೆ ರೀಲು ಸುತ್ತಿ ರಾಡನ್ನು ಬಿಲ್ಲಿನ ಹಾಗೆ ಬಗ್ಗಿಸಿ ಇಡಬೇಕು. ಮೀನು ಕಚ್ಚಿ ಎಳೆದರೆ ದಾರ ಕ್ಲಿಪ್ಪಿನಿಂದ ಬಿಡುತ್ತದೆ. ಬಗ್ಗಿದ ರಾಡು ಒಂದು ಕ್ಷಣ ನೆಟ್ಟಗೆ ಮೇಲೆದ್ದು ನಡುಗುತ್ತದೆ. ಹೊಸಬರು ಆಗ ಮೀನು ಹೋಯಿತು ಅಂದುಕೊಂಡು ಕೈ ಬಿಡುತ್ತಾರೆ. ಬಿಡಬೇಡಿ. ಜೋರಾಗಿ ರೀಲು ಸುತ್ತಿ. ಸಡಿಲ ದಾರ ಮುಗಿದ ಕೂಡಲೇ ರಾಡು ನೀರಿನ ಕಡೆ ಬಾಗುತ್ತದೆ ನೋಡಿ, ಅದು ಕಿಂಗ್.

ಕೈಯದ್ದರ ಕಷ್ಟ ಇದೆ, ಸುಳ್ಳು ಹೇಳಲ್ಲ. 100 ಅಡಿಯಿಂದ ಗುಂಡು ಎತ್ತೋದು ಬಾವಿಯಿಂದ ಕೊಡ ಸೇದಿದ ಹಾಗೆ. ಬೆಳಿಗ್ಗೆ ಏನೂ ಅನಿಸಲ್ಲ, ಹತ್ತು ಗಂಟೆಯ ಹೊತ್ತಿಗೆ ಭುಜ ಮಾತಾಡುತ್ತದೆ. ಭುಜ ನೋವಿರುವವರು, ಒಬ್ಬರೇ ಹೋಗುವವರು, 150 ಅಡಿಯಲ್ಲಿ ಲೇಕ್ ಟ್ರೌಟ್ ಹುಡುಕುವವರು ಎಲೆಕ್ಟ್ರಿಕ್ಕೇ ತಗೊಳ್ಳಿ. ಗೆಳೆಯರೊಬ್ಬರ ಬೋಟಿನಲ್ಲಿ ಎರಡು ಬೇಸಿಗೆ ಬಳಸಿದ್ದೇನೆ. ಬಟನ್ ಒತ್ತಿದರೆ ಗುಂಡು ತಾನೇ ಬಂದು ನೀರಿನ ಮೇಲೆ ನಿಲ್ಲುತ್ತದೆ, ಬಹಳ ಸುಖ. ಆದರೆ ಒಂದು ಸಲ ಪ್ಲಗ್ಗಿನಲ್ಲಿ ಕಿಲುಬು ಹಿಡಿದು 90 ಅಡಿ ಕೆಳಗೆ ಗುಂಡು ನಿಂತುಬಿಟ್ಟಿತು. ತಂತಿಯನ್ನು ಕೈಗವಸಿನಲ್ಲಿ ಎಳೆದು ತಂದೆವು. ನನ್ನ ಯೂನಿ-ಟ್ರೋಲ್‌ಗಳು ಇವತ್ತಿಗೂ ಮೊದಲ ದಿನದ ಹಾಗೇ ಸುತ್ತುತ್ತವೆ.

ಕೂರಿಸುವಾಗ ತಪ್ಪು ಮಾಡಿದವನು ನಾನೇ. ಬೋಟಿನ ಅಂಚು ತೆಳು ತಗಡು. ಬರೀ ವಾಷರ್ ಹಾಕಿ ಬೋಲ್ಟ್ ಬಿಗಿದೆ. ಜುಲೈನಲ್ಲಿ ಗುಂಡು ತಳದ ಕಲ್ಲಿಗೆ ಸಿಕ್ಕಿಕೊಂಡಿತು, ರಾಟೆಯ ಬ್ರೇಕ್ ಪೂರ್ತಿ ಬಿಗಿದಿತ್ತು, ತಗಡು ಕಣ್ಣೆದುರೇ ಬಾಗಿತು. ಅಲೆ ಜಾಸ್ತಿ ಇದ್ದಿದ್ದರೆ ಬೋಟಿನ ಹಿಂಬದಿ ನೀರಿಗೆ ಇಳಿಯುತ್ತಿತ್ತು. ಅಡಿಯಲ್ಲಿ ಕಾಲು ಇಂಚಿನ ಅಲ್ಯೂಮಿನಿಯಂ ಪ್ಲೇಟು ಕೊಟ್ಟು ಬಿಗಿಯಿರಿ. ಬ್ರೇಕನ್ನು ಗುಂಡು ತಡೆಯುವಷ್ಟೇ ಬಿಗಿ ಮಾಡಿ, ಸಿಕ್ಕಿಕೊಂಡರೆ ತಂತಿ ಬಿಚ್ಚಿಕೊಳ್ಳಬೇಕು.

ಈಗ ಪ್ರೋಬಿನ ವಿಷಯ. ನನ್ನದು ಫಿಶ್ ಹಾಕ್. ಗುಂಡಿನ ಸ್ವಲ್ಪ ಮೇಲೆ ಕೂತು, ಅಲ್ಲಿನ ತಾಪ, ವೇಗ ಎರಡನ್ನೂ ಮೇಲಿನ ಪರದೆಗೆ ಕಳಿಸುತ್ತದೆ. 2021ರ ಆಗಸ್ಟ್‌ನ ಒಂದು ಶನಿವಾರ ಗ್ರ್ಯಾಂಡ್ ಹೇವನ್ ಎದುರು 70 ಅಡಿಯಲ್ಲಿ 52 ಡಿಗ್ರಿ ಇತ್ತು, ಮೀನೂ ಅಲ್ಲೇ ಸಿಕ್ಕಿತು. ಆಮೇಲೆ ಎರಡು ದಿನ ಉತ್ತರದ ಗಾಳಿ. ಉತ್ತರದ ಗಾಳಿ ಬೀಸಿದರೆ ನಮ್ಮ ಈ ಪೂರ್ವ ದಡದ ಬೆಚ್ಚನೆಯ ನೀರು ಆಚೆ ಸರಿಯುತ್ತದೆ, ತಳದ ತಣ್ಣೀರು ಮೇಲೆ ಬರುತ್ತದೆ. ಮಂಗಳವಾರ ಅದೇ 70 ಅಡಿಗೆ ಇಳಿಸಿದರೆ ಪರದೆಯಲ್ಲಿ 44. ಗುಂಡು ಎತ್ತುತ್ತಾ ಬಂದೆ, 30 ಅಡಿಗೆ 52 ಸಿಕ್ಕಿತು. ಇಪ್ಪತ್ತು ನಿಮಿಷ ಆಗಿರಲಿಲ್ಲ, ಮಗ ಕೂಗಿದ: "ಅಪ್ಪಾ, ಎಡಗಡೆ ರಾಡು ಎದ್ದಿತು!" 17 ಪೌಂಡಿನ ಕಿಂಗ್. ಪ್ರೋಬಿಲ್ಲದ ವರ್ಷಗಳಲ್ಲಿ ಆಗಿದ್ದರೆ ಇಡೀ ಬೆಳಿಗ್ಗೆ 70 ಅಡಿಯಲ್ಲೇ ಸುಮ್ನೆ ಎಳೆಯುತ್ತಾ ಇರುತ್ತಿದ್ದೆ.

ವೇಗವೂ ಹಾಗೇ. ಜಿಪಿಎಸ್ ಗಂಟೆಗೆ 2.4 ಮೈಲಿ ಅಂದರೂ ಕೆಳಗೆ ಪ್ರವಾಹಕ್ಕೆ ಸಿಕ್ಕಿ 1.8 ಇರಬಹುದು. ಆ ವೇಗಕ್ಕೆ ಕೆಲವು ಸ್ಪೂನು ಹೊರಳೋದೇ ಇಲ್ಲ. ಬೋಟು ತಿರುಗಿಸಿದರೆ ಲೆಕ್ಕ ಉಲ್ಟಾ. ಆಳದ ಕೌಂಟರನ್ನೂ ಕಣ್ಣುಮುಚ್ಚಿ ನಂಬಬೇಡಿ, ಅದು ಎಣಿಸೋದು ಬಿಟ್ಟ ತಂತಿಯನ್ನು. ಓಡುವಾಗ ತಂತಿ ಹಿಂದಕ್ಕೆ ವಾಲುತ್ತದೆ, ಗುಂಡು ಹೇಳಿದ ಆಳಕ್ಕಿಂತ ಮೇಲಿರುತ್ತದೆ. 80 ಅಡಿ ದಾಟಿದರೆ ನಾನು 12 ಪೌಂಡಿನ ಗುಂಡು ಹಾಕುತ್ತೇನೆ.

ಉಳಿದದ್ದು ಬೇಗ ಹೇಳುತ್ತೇನೆ. ರಾಡು ಎಂಟೂವರೆ ಅಡಿ, ಬುಡದವರೆಗೆ ಬಗ್ಗುವಂಥದ್ದು. ರೀಲಿಗೆ ಲೈನ್ ಕೌಂಟರ್ (ಬಿಟ್ಟ ದಾರ ಎಷ್ಟು ಅಂತ ಎಣಿಸುವಂಥದ್ದು) ಇರಲಿ, 20 ಪೌಂಡಿನ ಮೋನೊ (ಒಂದೇ ಎಳೆಯ ನೈಲಾನ್) ದಾರ ಸಾಕು. ಮಿಶಿಗನ್‌ನಲ್ಲಿ ಒಬ್ಬರಿಗೆ ಮೂರು ರಾಡು ಬಿಡುತ್ತಾರೆ, ಆದರೂ ಇಬ್ಬರಿದ್ದಾಗ ನಾಲ್ಕೇ ಹಾಕುತ್ತೇವೆ: ಎರಡು ಡೌನ್‌ರಿಗರ್, ಪಕ್ಕಕ್ಕೆ ಎರಡು ಡಿಪ್ಸಿ (ದಾರವನ್ನು ಕೆಳಕ್ಕೂ ಪಕ್ಕಕ್ಕೂ ಎಳೆದೊಯ್ಯುವ ಬಿಲ್ಲೆ). ಒಂದು ಕಂಪನಿಯ ಕ್ಲಿಪ್ಪಿನ ರಬ್ಬರ್ ಎರಡನೇ ವರ್ಷಕ್ಕೇ ಸವೆಯಿತು. ಅವತ್ತು ಅಡುಗೆಮನೆಯ ರಬ್ಬರ್ ಬ್ಯಾಂಡು ದಾರಕ್ಕೆ ಸುತ್ತಿ ಸಿಕ್ಕಿಸಿದೆ, ಚೆನ್ನಾಗಿ ಕೆಲಸ ಮಾಡಿತು. ಈಗಲೂ ಡಬ್ಬಿಯಲ್ಲಿ ಒಂದಷ್ಟು ಇಟ್ಟಿರುತ್ತೇನೆ.

ತಂತಿಯನ್ನು ಮಾತ್ರ ಪ್ರತಿ ಅಕ್ಟೋಬರ್ ನೋಡಿಕೊಳ್ಳಿ. ಹಳೇ ಹತ್ತಿ ಬನಿಯನ್ ಚೂರು ತಗೊಂಡು ತಂತಿಯ ಮೇಲೆ ಮೆಲ್ಲಗೆ ಎಳೆಯಿರಿ. ಬಟ್ಟೆಯ ನೂಲು ಸಿಕ್ಕಿಕೊಂಡ ಕಡೆ ಒಂದು ಎಳೆ ಹರಿದಿದೆ ಅಂತ ಅರ್ಥ. ನನಗೆ ಯಾವಾಗಲೂ ಗುಂಡಿನ ಹತ್ತಿರದ 20 ಅಡಿಯಲ್ಲೇ ಸಿಗೋದು. ಅಷ್ಟನ್ನು ಕತ್ತರಿಸಿ ಹೊಸ ಕ್ರಿಂಪ್ (ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ಕೊಳವೆ) ಹಾಕಿದರೆ ಮುಂದಿನ ಏಪ್ರಿಲ್‌ಗೆ ರೆಡಿ.