ಫೀನಿಕ್ಸೋ, ಗರುಡನೋ?

ಉಡುಪಿಯಲ್ಲಿ ಮಕ್ಕಳ ಯಕ್ಷಗಾನಕ್ಕೆ ಹೊಸ ಪ್ರಸಂಗ ಬರೆಯುವವರು ಸಾವಿಲ್ಲದ ಹಕ್ಕಿಯೊಂದನ್ನು ರಂಗಸ್ಥಳಕ್ಕೆ ತರುವುದಾದರೆ ಮೊದಲು ಯೋಚಿಸಬೇಕಾದ್ದು: ಅದು ಸಾಯುವುದೇ ಇಲ್ಲವೋ, ಸತ್ತು ಹುಟ್ಟುತ್ತದೋ?

ಗ್ರೀಕರ ಕಥೆಗಳ ಹಕ್ಕಿ ಫೀನಿಕ್ಸ್ ಸಾಯುತ್ತದೆ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವಂತೆ, 500 ವರ್ಷಕ್ಕೊಮ್ಮೆ ತಂದೆಯ ಶವವನ್ನು ರಕ್ತಬೋಳವೆಂಬ ಸುಗಂಧದ ಅಂಟಿನ ಮೊಟ್ಟೆಯೊಳಗಿಟ್ಟು ಹೊತ್ತು, ಈಜಿಪ್ಟಿನ ಸೂರ್ಯದೇಗುಲಕ್ಕೆ ಬರುತ್ತದೆ. ಅವನ ಕಥೆಯಲ್ಲಿ ಬೆಂಕಿಯೇ ಇಲ್ಲ! ಅದು ಬರುವುದು 1461 ವರ್ಷಕ್ಕೊಮ್ಮೆ ಎಂಬ ಮತವನ್ನೂ ರೋಮನ್ ಇತಿಹಾಸಕಾರ ಟ್ಯಾಸಿಟಸ್ ದಾಖಲಿಸುತ್ತಾನೆ. ಈಗಿನ ಫ್ಯಾಂಟಸಿ ಕಾದಂಬರಿಗಳ ಫೀನಿಕ್ಸ್ ಸಾಮಾನ್ಯವಾಗಿ ಉರಿದು, ತನ್ನದೇ ಬೂದಿಯಿಂದ ಮರಿಯಾಗಿ ಏಳುತ್ತದೆ. ಹಾಗೆ ಎದ್ದದ್ದು ಅದೇ ಹಕ್ಕಿಯೋ, ಅದರ ಮಗನೋ? ಅರ್ಥಧಾರಿಗೆ ಇದಕ್ಕಿಂತ ಒಳ್ಳೆಯ ವಾದ ಸಿಗದು.

ಗರುಡನದು ಸರಳ. ಅಮೃತ ತಂದರೂ ಕುಡಿಯದೆ, ವಿಷ್ಣುವಿನಿಂದ ಅಮರತ್ವದ ವರ ಪಡೆದವನು. ವೇಷಕ್ಕೆ, ಚೆಂಡೆಯ ಅಬ್ಬರಕ್ಕೆ ಹೇಳಿಮಾಡಿಸಿದ ಪಾತ್ರ. ಆದರೆ ಸಾವಿನ ಭಯವಿಲ್ಲದವನ ಮೇಲೆ ಕರುಣೆ ಹುಟ್ಟಿಸುವುದು ಕಷ್ಟ.

ನನ್ನ ಆಯ್ಕೆ ಫೀನಿಕ್ಸ್, ಅದೂ ಹೆರೊಡೋಟಸನದು. ಅಪ್ಪನನ್ನು ಹೊತ್ತು ಹಾರುವ ಮಗನ ಪದ್ಯವನ್ನು ಭಾಗವತರು ಹಾಡಿದರೆ ಮಕ್ಕಳ ಎದೆಗೂ ತಟ್ಟುತ್ತದೆ. ಬೆಂಕಿಯೇ ಬೇಕೆಂದರೆ ನಮ್ಮ ಸಂಪಾತಿಯಿದ್ದಾನೆ: ಸೂರ್ಯನ ತಾಪಕ್ಕೆ ರೆಕ್ಕೆ ಸುಟ್ಟುಕೊಂಡು, ಸೀತೆಯ ಸುಳಿವು ಕೊಟ್ಟಾಗ ಹೊಸ ರೆಕ್ಕೆ ಪಡೆದವನು.