ಯುಎಸ್‌ಬಿಯಿಂದ ಬೂಟ್ ಆಗದ ರಾಸ್ಪ್‌ಬೆರಿ ಪೈ 4: ಕರಾವಳಿಯ ಮನೆಯೊಂದರಲ್ಲಿ ದೀರ್ಘಕಾಲದ ಬಳಕೆಯ ವಿಮರ್ಶೆ

ಕುಮಟಾದ ನಮ್ಮ ಮನೆಯಲ್ಲಿ ಹಗಲೂ ರಾತ್ರಿಯೂ ಚಾಲೂ ಇರುವ ಕಂಪ್ಯೂಟರ್ ಎಂದರೆ ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ 4, ನಾಲ್ಕು ಜಿಬಿ ಮೆಮೊರಿಯ ಮಾದರಿ. ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ತಾಳಮದ್ದಲೆಯ ಧ್ವನಿಮುದ್ರಣಗಳು, ಜಮೀನಿನ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳು, ಮನೆಮಂದಿಯ ಫೋಟೊಗಳು ಎಲ್ಲವೂ ಅದಕ್ಕೆ ಜೋಡಿಸಿರುವ ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ಭಾಗಗಳಿಲ್ಲದ ಡಿಸ್ಕಿನಲ್ಲಿ, ಇವೆ. ಅದನ್ನು ನಡೆಸುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಕೂಡ ಅದೇ ಎಸ್‌ಎಸ್‌ಡಿಯಿಂದ ಯುಎಸ್‌ಬಿ ಮೂಲಕ ಬೂಟ್ ಆಗುತ್ತದೆ, ಅಂದರೆ ಚಾಲೂ ಆಗುತ್ತದೆ, ಮೆಮೊರಿ ಕಾರ್ಡ್ ಹಾಕುವ ಜಾಗ ಖಾಲಿಯೇ ಇದೆ. ಹಲವು ಮಳೆಗಾಲಗಳನ್ನು ಕಂಡಿರುವ ಈ ಸಾಧನದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇದೆ. ಆದರೆ ಕೊಳ್ಳುವವರು ಒಂದು ಮಾತನ್ನು ಮೊದಲೇ ತಿಳಿದಿರಬೇಕು: ಯುಎಸ್‌ಬಿಯಿಂದ ಬೂಟ್ ಆಗುವ ವಿಷಯದಲ್ಲಿ ಇದು ಹಟಮಾರಿ, ಮತ್ತು ಆ ಹಟದ ಕಾರಣ ಬೋರ್ಡಿನಲ್ಲಿರುವುದಕ್ಕಿಂತ ಹೆಚ್ಚಾಗಿ ನಾವು ಅದಕ್ಕೆ ಚುಚ್ಚುವ ಚಾರ್ಜರ್, ಕೇಬಲ್ ಮತ್ತು ಅಡಾಪ್ಟರ್‌ಗಳಲ್ಲಿ ಇರುತ್ತದೆ.

ಕಾರ್ಡಿನಿಂದ ಸಲೀಸಾಗಿ ನಡೆಯುವ ಸಾಧನಕ್ಕೆ ಈ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಆಷಾಢದ ಗಾಳಿಗೆ ತಂತಿಯ ಮೇಲೆ ಮರದ ಹೆಣೆ ಬಿದ್ದು ಕರೆಂಟು ಹೋಗುವುದು, ಬರುವುದು, ಬಂದ ಮರುಗಳಿಗೆಯಲ್ಲೇ ಮತ್ತೆ ಹೋಗುವುದು ನಿತ್ಯದ ಸಂಗತಿ. ಮೈಕ್ರೊ ಎಸ್‌ಡಿ ಕಾರ್ಡಿಗೆ ಏನನ್ನೋ ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ಅದರೊಳಗಿನ ಕಡತ ವ್ಯವಸ್ಥೆ ಕೆಡುವ ಸಂಭವ ಹೆಚ್ಚು. ಜೊತೆಗೆ ಲಾಗ್‌ಗಳನ್ನು ನಿರಂತರ ಬರೆಸಿಕೊಳ್ಳುವುದಕ್ಕೆಂದು ಈ ಕಾರ್ಡ್‌ಗಳನ್ನು ಮಾಡಿಲ್ಲ. ಎಸ್‌ಎಸ್‌ಡಿಗೆ ಏನೂ ಆಗುವುದಿಲ್ಲವೆಂದಲ್ಲ, ಆದರೆ ಅದರ ಬಾಳಿಕೆ ಬೇರೆಯೇ ಮಟ್ಟದ್ದು, ವೇಗವೂ ಹಾಗೆಯೇ. ಸುಮ್ಮನಿರುವಾಗ ಬೋರ್ಡ್ ಸುಮಾರು 3 ವ್ಯಾಟ್ ಮಾತ್ರ ಎಳೆಯುವುದರಿಂದ, ಎಸ್‌ಎಸ್‌ಡಿಯನ್ನು ಸೇರಿಸಿದರೂ ತಿಂಗಳಿಗೆ ನಾಲ್ಕು ಯೂನಿಟ್‌ಗಿಂತ ಹೆಚ್ಚು ಖರ್ಚಾಗುವುದಿಲ್ಲ, ಮನೆಯ ಇನ್ವರ್ಟರ್‌ಗೆ ಇದು ಭಾರವೇ ಅಲ್ಲ.

ಬೂಟ್ ಆಗದಿದ್ದಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ವಿದ್ಯುತ್ ಪೂರೈಕೆ. ಪೈ 4ಕ್ಕೆ ಬೇಕಾದದ್ದು 5.1 ವೋಲ್ಟ್, 3 ಆಂಪಿಯರ್. ಮೇಜಿನ ಮೇಲೆ ಬಿದ್ದಿರುವ ಮೊಬೈಲ್ ಚಾರ್ಜರನ್ನು ಚುಚ್ಚಿದರೂ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಕಾರ್ಡಿನಿಂದಾದರೆ ಬೂಟ್ ಕೂಡ ಆಗುತ್ತದೆ, ಹಾಗಾಗಿ ಚಾರ್ಜರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಎಸ್‌ಎಸ್‌ಡಿ ಜೋಡಿಸಿದೊಡನೆ ಅದು ಏಳುವಾಗ ಒಮ್ಮೆಲೇ ಕರೆಂಟು ಎಳೆಯುತ್ತದೆ, ತೆಳ್ಳಗಿನ ಕೇಬಲಿನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಡಿಸ್ಕ್ ಅರ್ಧಕ್ಕೇ ಕೈಕೊಡುತ್ತದೆ. ಬೋರ್ಡು 4.63 ವೋಲ್ಟಿನ ಆಸುಪಾಸಿಗಿಂತ ಕೆಳಗಿಳಿದದ್ದನ್ನು ತಾನೇ ಗುರುತಿಸಿ ದಾಖಲಿಸಿಕೊಳ್ಳುತ್ತದೆ. ಇದು ಬಹಳ ಉಪಕಾರಿಯಾದ ವ್ಯವಸ್ಥೆ. ಸದ್ಯಕ್ಕೆ ಒಂದು ಕಾರ್ಡಿನಿಂದ ಬೂಟ್ ಮಾಡಿಕೊಂಡು, ಎಸ್‌ಎಸ್‌ಡಿಯನ್ನು ಜೋಡಿಸಿ, ಅದರ ಮೇಲೆ ಸ್ವಲ್ಪ ಕೆಲಸ ಹೇರಿ, ಟರ್ಮಿನಲ್‌ನಲ್ಲಿ ವಿಸಿಜೆನ್‌ಕಮ್ಯಾಂಡ್‌ನ ಗೆಟ್ ಥ್ರಾಟಲ್ಡ್ ಆದೇಶ (vcgencmd get_throttled) ಕೊಟ್ಟರೆ ಉತ್ತರ ಸಿಗುತ್ತದೆ. ಸೊನ್ನೆ ಬಂದರೆ ಪೂರೈಕೆ ಸರಿಯಿದೆ. 50005 ಬಂದರೆ ಈ ಕ್ಷಣದಲ್ಲೇ ವೋಲ್ಟೇಜ್ ಕಡಿಮೆಯಿದೆ, 50000 ಬಂದರೆ ಈಗ ಸರಿಯಿದ್ದರೂ ಚಾಲೂ ಆದಂದಿನಿಂದ ಯಾವಾಗಲೋ ಕುಸಿದಿತ್ತು ಎಂದರ್ಥ. ಬೋರ್ಡಿನ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳು ಸೇರಿ ಹೊರಗಿನ ಸಾಧನಗಳಿಗೆ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ. ಆದ್ದರಿಂದ ತಿರುಗುವ ಹಾರ್ಡ್‌ಡಿಸ್ಕನ್ನು ನೇರವಾಗಿ ಇದರಿಂದ ನಡೆಸುವ ಆಲೋಚನೆಯನ್ನು ನಾನು ಒಪ್ಪುವುದಿಲ್ಲ.

ಪ್ರತ್ಯೇಕ ವಿದ್ಯುತ್ ಇರುವ ಯುಎಸ್‌ಬಿ ಹಬ್ ಇದಕ್ಕೆ ಪರಿಹಾರವೇ ಹೌದು, ಆದರೆ ಅಗ್ಗದ ಹಬ್‌ಗಳಲ್ಲಿ ಕೆಲವು ತಮ್ಮ ವಿದ್ಯುತ್ತನ್ನು ಹಿಂದಕ್ಕೆ ಬೋರ್ಡಿಗೇ ನುಗ್ಗಿಸುತ್ತವೆ. ಆಗ ಪೈಯ ಚಾರ್ಜರನ್ನು ಕಿತ್ತರೂ ದೀಪ ಮಂಕಾಗಿ ಉರಿಯುತ್ತಲೇ ಇರುತ್ತದೆ, ಬೋರ್ಡು ಪೂರ್ತಿ ಆರದೆ, ಪೂರ್ತಿ ಏಳದೆ ನಿಂತುಬಿಡುತ್ತದೆ. ಚಾರ್ಜರ್ ತೆಗೆದ ಮೇಲೂ ದೀಪ ಉರಿಯುತ್ತಿದ್ದರೆ ಆ ಹಬ್ಬನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳುವುದು ಲೇಸು.

ಎರಡನೆಯದು ಬೂಟ್‌ಲೋಡರ್, ಅಂದರೆ ಕರೆಂಟು ಬಂದೊಡನೆ ಲಿನಕ್ಸನ್ನು ಹುಡುಕಿ ಎಬ್ಬಿಸುವ ಪುಟ್ಟ ತಂತ್ರಾಂಶ. ಪೈ 4 ಮಾರುಕಟ್ಟೆಗೆ ಬಂದದ್ದು 2019ರ ಜೂನ್‌ನಲ್ಲಿ. ಆಗ ಅದಕ್ಕೆ ಯುಎಸ್‌ಬಿ ಡಿಸ್ಕಿನಿಂದ ಬೂಟ್ ಆಗುವ ಸಾಮರ್ಥ್ಯವೇ ಇರಲಿಲ್ಲ. 2020ರಲ್ಲಿ ಬಂದ ಬೂಟ್‌ಲೋಡರ್ ಪರಿಷ್ಕರಣೆಯ ಮೂಲಕ ಅದು ಸೇರಿಕೊಂಡಿತು. ಈ ಬೂಟ್‌ಲೋಡರ್ ಇರುವುದು ಡಿಸ್ಕಿನಲ್ಲಿ ಅಲ್ಲ, ಬೋರ್ಡಿನ ಮೇಲಿನ ಈಈಪ್ರಾಮ್ ಎಂಬ ಪುಟ್ಟ ಚಿಪ್ಪಿನಲ್ಲಿ. ಹಾಗಾಗಿ ಆರಂಭದ ದಿನಗಳ ಬೋರ್ಡನ್ನು ಯಾರಿಂದಲೋ ಕೈಬದಲಾಗಿ ಕೊಂಡು, ಹೊಚ್ಚಹೊಸ ಲಿನಕ್ಸನ್ನು ಡಿಸ್ಕಿಗೆ ಬರೆದು ಚುಚ್ಚಿದರೂ ಅದು ಯುಎಸ್‌ಬಿಯತ್ತ ತಿರುಗಿಯೂ ನೋಡುವುದಿಲ್ಲ. ಹಳೆಯ ಮಾದರಿಗಳ ಕಥೆ ಬೇರೆ: 2016ರ ಪೈ 3 ಬಿ ಮಾದರಿಯಲ್ಲಿ ಯುಎಸ್‌ಬಿ ಬೂಟ್ ಸೌಲಭ್ಯವನ್ನು ಚಿಪ್ಪಿನೊಳಗೆ ಒಂದೇ ಸಲಕ್ಕೆ, ಮತ್ತೆ ಅಳಿಸಲಾಗದಂತೆ ಬರೆದು ತೆರೆಯಬೇಕು, 2018ರ ಬಿ ಪ್ಲಸ್ ಮಾದರಿಯಲ್ಲಿ ಕಾರ್ಖಾನೆಯಲ್ಲೇ ತೆರೆದು ಕಳುಹಿಸಿರುತ್ತಾರೆ. ಪೈ 4ರಲ್ಲಿ ಕಾರ್ಡಿನಿಂದ ಒಮ್ಮೆ ಬೂಟ್ ಮಾಡಿ ಈಈಪ್ರಾಮ್ ಅಪ್‌ಡೇಟ್ ಆದೇಶ ಕೊಟ್ಟು ರೀಬೂಟ್ ಮಾಡಿದರೆ ಸಾಕು.

ಪರಿಷ್ಕರಿಸಿದ ಮೇಲೆ ಬೂಟ್ ಕ್ರಮವನ್ನೂ ನೋಡಿಕೊಳ್ಳಬೇಕು. ಬೂಟ್‌ಲೋಡರಿನ ಸಂರಚನೆಯಲ್ಲಿ ಬೂಟ್ ಆರ್ಡರ್ ಎಂಬ ಸಾಲಿನ ಕೊನೆಗೆ ಎಫ್41 ಎಂದಿರುತ್ತದೆ. ಇದನ್ನು ಬಲದಿಂದ ಎಡಕ್ಕೆ ಓದಬೇಕು. 1 ಎಂದರೆ ಕಾರ್ಡ್, 4 ಎಂದರೆ ಯುಎಸ್‌ಬಿ, ಎಫ್ ಎಂದರೆ ಎರಡೂ ಸಿಗದಿದ್ದರೆ ಮೊದಲಿನಿಂದ ಮತ್ತೆ ಹುಡುಕು ಎಂಬ ಸೂಚನೆ. ಕಾರ್ಡ್ ಹಾಕಿಟ್ಟುಕೊಂಡೇ ಯುಎಸ್‌ಬಿಗೆ ಆದ್ಯತೆ ಕೊಡಬೇಕಾದವರು ಎಫ್14 ಎಂದು ಬದಲಿಸಿಕೊಳ್ಳಬೇಕು. ಎಡತುದಿಯ ಎಫ್ ಅಕ್ಷರವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬಾರದು, ಏಕೆಂದರೆ ಕರೆಂಟು ಬಂದಾಗ ಡಿಸ್ಕ್ ತಡವಾಗಿ ಎದ್ದರೆ ಅದನ್ನು ಮತ್ತೊಮ್ಮೆ ಹುಡುಕುವಂತೆ ಮಾಡುವುದು ಆ ಅಕ್ಷರವೇ.

ಈ ಎಲ್ಲ ಪರೀಕ್ಷೆಯನ್ನೂ ತೆರೆಯಿಲ್ಲದೆ, ದೀಪವನ್ನಷ್ಟೇ ನೋಡಿಕೊಂಡು ಮಾಡುವವರು ಬಹಳ. ನನ್ನ ಬಿನ್ನಹ ಇಷ್ಟೇ: ಟಿವಿಯನ್ನಾದರೂ ಸರಿ, ಪವರ್ ಪೋರ್ಟಿಗೆ ಹತ್ತಿರವಿರುವ ಮೈಕ್ರೊ ಎಚ್‌ಡಿಎಂಐ ಪೋರ್ಟಿಗೆ ಜೋಡಿಸಿ. ಬೂಟ್ ಮಾಡಲು ಏನೂ ಸಿಗದಿದ್ದಾಗ ಬೂಟ್‌ಲೋಡರ್ ತೆರೆಯ ಮೇಲೆ ತನ್ನ ಆವೃತ್ತಿಯ ದಿನಾಂಕವನ್ನು, ಬೂಟ್ ಕ್ರಮವನ್ನು, ಕಾರ್ಡ್ ಸಿಕ್ಕಿತೇ, ಯುಎಸ್‌ಬಿ ಡಿಸ್ಕ್ ಸಿಕ್ಕಿತೇ ಎಂಬುದನ್ನು ಸಾಲು ಸಾಲಾಗಿ ಬರೆದು ತೋರಿಸುತ್ತದೆ. ಊಹೆಯಲ್ಲಿ ಕಳೆಯುವ ಒಂದಿಡೀ ಸಂಜೆಯನ್ನು ಆ ಒಂದು ಪರದೆ ಉಳಿಸುತ್ತದೆ. ತೊಂದರೆ ಬೂಟ್‌ಲೋಡರ್ ಹಂತದಲ್ಲಿದೆಯೋ, ಲಿನಕ್ಸಿನ ತಿರುಳಾದ ಕರ್ನೆಲ್ ಹಂತದಲ್ಲಿದೆಯೋ ಎಂಬುದೂ ಅಲ್ಲೇ ಬೇರ್ಪಡುತ್ತದೆ, ಮತ್ತು ನನ್ನ ಅನುಭವದಲ್ಲಿ ಅತಿ ಮುಖ್ಯವಾದ ವಿಂಗಡಣೆ ಅದೇ.

ಏಕೆಂದರೆ ಅತ್ಯಂತ ಕಾಡುವ ತೊಂದರೆ ಬರುವುದು ಎರಡನೆಯ ಹಂತದಲ್ಲಿ. ಬೂಟ್‌ಲೋಡರ್ ಡಿಸ್ಕನ್ನು ಓದುತ್ತದೆ, ಕಾಮನಬಿಲ್ಲಿನ ಬಣ್ಣದ ಚೌಕ ಮೂಡಿ ಮಾಯವಾಗುತ್ತದೆ, ಲಿನಕ್ಸಿನ ಸಾಲುಗಳು ಸರಸರನೆ ಓಡಿ ಕೊನೆಗೆ ರೂಟ್ ಡಿವೈಸ್‌ಗಾಗಿ, ಅಂದರೆ ಲಿನಕ್ಸಿನ ಕಡತಗಳಿರುವ ಡಿಸ್ಕಿಗಾಗಿ, ಕಾಯುತ್ತಿದ್ದೇನೆ ಎಂಬ ಸಾಲಿನಲ್ಲಿ ನಿಂತುಬಿಡುತ್ತವೆ. ಬೂಟ್‌ಲೋಡರಿಗೆ ಕಂಡ ಡಿಸ್ಕು ಕರ್ನೆಲ್ಲಿಗೆ ಕಾಣದಿರುವುದು ಹೇಗೆ? ಎಸ್‌ಎಸ್‌ಡಿಯ ಸಾಟಾ ಭಾಷೆಯನ್ನು ಯುಎಸ್‌ಬಿಗೆ ಬದಲಿಸುವ ಅಡಾಪ್ಟರಿನ ಒಳಗೊಂದು ಸೇತುವೆ ಚಿಪ್ ಇರುತ್ತದೆ. ಯುಎಎಸ್ ಎಂಬ ವೇಗದ ವಿಧಾನವನ್ನು ತಾನು ಬಲ್ಲೆ ಎಂದು ಆ ಚಿಪ್ ಹೇಳಿಕೊಂಡರೆ ಲಿನಕ್ಸ್ ಅದನ್ನು ನಂಬಿ ಅದೇ ವಿಧಾನದಲ್ಲಿ ಮಾತನಾಡಿಸುತ್ತದೆ. ಕೆಲವು ಚಿಪ್‌ಗಳ ಒಳಗಿನ ತಂತ್ರಾಂಶ ಆ ವಿಧಾನವನ್ನು ಅರೆಬರೆಯಾಗಿ ಮಾತ್ರ ಅಳವಡಿಸಿಕೊಂಡಿರುವುದರಿಂದ, ಮೊದಲ ಕೆಲವು ಆದೇಶಗಳಾದ ಮೇಲೆ ಉತ್ತರವೇ ಬರುವುದಿಲ್ಲ. ನಾನು ಮೊದಲು ಕೊಂಡಿದ್ದ, ಹೆಸರೇ ಇಲ್ಲದ ಅಗ್ಗದ ಅಡಾಪ್ಟರ್ ಇಂಥದ್ದೇ ಆಗಿತ್ತು.

ಅಡಾಪ್ಟರ್ ಬದಲಿಸದೆಯೂ ಇದಕ್ಕೆ ಉಪಾಯವಿದೆ. ಕಾರ್ಡಿನಿಂದ ಬೂಟ್ ಮಾಡಿ ಎಲ್‌ಎಸ್‌ಯುಎಸ್‌ಬಿ ಆದೇಶ ಕೊಟ್ಟರೆ ಪ್ರತಿ ಯುಎಸ್‌ಬಿ ಸಾಧನದ ಎದುರು ನಾಲ್ಕು ಮತ್ತು ನಾಲ್ಕು ಅಕ್ಷರಗಳ ಒಂದು ಗುರುತು ಸಂಖ್ಯೆ ಕಾಣುತ್ತದೆ. ಮೊದಲ ಭಾಗ ತಯಾರಕರದ್ದು, ಎರಡನೆಯದು ಚಿಪ್ಪಿನದು. ಎಸ್‌ಎಸ್‌ಡಿಯ ಬೂಟ್ ವಿಭಾಗದಲ್ಲಿರುವ ಸಿಎಂಡಿಲೈನ್ ಕಡತವನ್ನು ತೆರೆದು, ಯುಎಸ್‌ಬಿ ಸ್ಟೋರೇಜ್ ಕ್ವರ್ಕ್ಸ್ ಎಂಬ ಆಯ್ಕೆಯನ್ನು ಸೇರಿಸಿ, ಅದರ ಮುಂದೆ ಆ ಗುರುತು ಸಂಖ್ಯೆಯನ್ನು ಬರೆದು, ಕೊನೆಗೆ ಯು ಅಕ್ಷರ ಹಾಕಿದರೆ ಲಿನಕ್ಸ್ ಆ ಚಿಪ್ಪಿನೊಂದಿಗೆ ಯುಎಎಸ್ ಬಿಟ್ಟು ಹಳೆಯ ನಿಧಾನದ ವಿಧಾನದಲ್ಲೇ ವ್ಯವಹರಿಸುತ್ತದೆ. ಆ ಕಡತದಲ್ಲಿರುವುದೆಲ್ಲ ಒಂದೇ ಸಾಲಿನಲ್ಲಿರಬೇಕು, ಎಂಟರ್ ಒತ್ತಿ ಹೊಸ ಸಾಲಿಗೆ ಹೋದರೆ ಆ ಭಾಗವನ್ನು ಕರ್ನೆಲ್ ಗಣನೆಗೇ ತೆಗೆದುಕೊಳ್ಳುವುದಿಲ್ಲ. ವೇಗ ಒಂದಿಷ್ಟು ತಗ್ಗುತ್ತದೆ, ಆದರೆ ಹಾಡು, ಫೋಟೊ ಇಡುವ ಮನೆಯ ಸರ್ವರ್‌ಗೆ ಅದರಿಂದ ಅಡ್ಡಿಯಿಲ್ಲ. ಕರ್ನೆಲ್ ಹಂತದ ತೊಂದರೆ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಡಿಸ್ಕನ್ನು ನೀಲಿ ಪೋರ್ಟಿನಿಂದ ಕಿತ್ತು ಕಪ್ಪು ಬಣ್ಣದ ಯುಎಸ್‌ಬಿ 2 ಪೋರ್ಟಿಗೂ ಹಾಕಿ ನೋಡುವುದುಂಟು; ಅಲ್ಲಿ ಬೂಟ್ ಆದರೆ ಬೋರ್ಡೂ ಡಿಸ್ಕೂ ನಿರ್ದೋಷಿ ಎಂದು ಬಹುಮಟ್ಟಿಗೆ ಹೇಳಬಹುದು. ಕಡೆಗೆ ನಾನು ಆ ಅಡಾಪ್ಟರನ್ನು ಬದಲಿಸಿದೆ, ಈಗಿನದು ಯುಎಎಸ್ ವಿಧಾನದಲ್ಲೇ ದೂರಿಲ್ಲದೆ ನಡೆಯುತ್ತಿದೆ. ಬೋರ್ಡಿಗೆ ಸಾವಿರಾರು ರೂಪಾಯಿ ಕೊಡುವವರು ಅಡಾಪ್ಟರಿನಲ್ಲಿ ನೂರಿನ್ನೂರು ಉಳಿಸಲು ಹೋಗುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಡಿಸ್ಕಿನೊಳಗೆ ಬರೆದದ್ದೇ ತಪ್ಪಾಗಿರುವ ಪ್ರಕರಣಗಳೂ ಇವೆ. ಸಿದ್ದಾಪುರದಿಂದ ನೆಂಟರ ಹುಡುಗನೊಬ್ಬ ಫೋನ್ ಮಾಡಿ, "ಭಾವ, ಹಸಿರು ದೀಪ ನಾಲ್ಕು ಸಲ ಮಿನುಗಿ ನಿಲ್ತು, ಮತ್ತೆ ಅದೇ ಶುರು ಆಗ್ತು" ಎಂದ. ಈ ಮಿನುಗಿಗೆ ಅರ್ಥವಿದೆ: ನಾಲ್ಕು ಸಲ ಎಂದರೆ ಸ್ಟಾರ್ಟ್ ಎಂಬ ಫರ್ಮ್‌ವೇರ್ ಕಡತ ಸಿಗಲಿಲ್ಲ, ಏಳು ಸಲ ಎಂದರೆ ಕರ್ನೆಲ್ ಸಿಗಲಿಲ್ಲ. ವಿಚಾರಿಸಿದಾಗ, ಇಳಿಸಿಕೊಂಡ ಇಮೇಜ್ ಕಡತವನ್ನು ಅವನು ಪೆನ್‌ಡ್ರೈವಿಗೆ ಹಾಡನ್ನು ಹಾಕುವ ಹಾಗೆ ನಕಲು ಮಾಡಿದ್ದನೆಂದು ತಿಳಿಯಿತು. ರಾಸ್ಪ್‌ಬೆರಿ ಪೈ ಇಮೇಜರ್ ತಂತ್ರಾಂಶದಿಂದ ಬರೆಸಿದ ಮೇಲೆ ಒಂದೇ ಏಟಿಗೆ ಬೂಟ್ ಆಯಿತು. ಇನ್ನೊಂದು ಸೂಕ್ಷ್ಮ ತೊಡಕು ಕಾರ್ಡನ್ನು ಹಾಗೆಯೇ ಎಸ್‌ಎಸ್‌ಡಿಗೆ ತದ್ರೂಪು ಮಾಡಿದವರಿಗೆ ಎದುರಾಗುತ್ತದೆ. ಎರಡರಲ್ಲೂ ವಿಭಾಗದ ಗುರುತು, ಅಂದರೆ ಪಾರ್ಟ್‌ಯುಯುಐಡಿ, ಒಂದೇ ಆಗಿರುವುದರಿಂದ ಎರಡನ್ನೂ ಒಟ್ಟಿಗೆ ಹಾಕಿಟ್ಟರೆ ಬೂಟ್ ಆದದ್ದು ಎಸ್‌ಎಸ್‌ಡಿಯಿಂದ, ರೂಟ್ ಆಗಿ ಕುಳಿತದ್ದು ಕಾರ್ಡು ಎಂಬ ಸ್ಥಿತಿ ಬರಬಹುದು. ಕಾರ್ಡನ್ನು ತೆಗೆದು ಬೂಟ್ ಮಾಡಿದರೆ ಇದು ಬಗೆಹರಿಯುತ್ತದೆ. ಗುರುತು ಬದಲಿಸುವುದಾದರೆ ಸಿಎಂಡಿಲೈನ್ ಮತ್ತು ಎಫ್‌ಎಸ್‌ಟ್ಯಾಬ್ ಎರಡೂ ಕಡತಗಳಲ್ಲಿ ಬದಲಿಸಬೇಕು.

ಘಟ್ಟದ ಮೇಲಿನವರಿಗೆ ಅಷ್ಟಾಗಿ ಬಾಧಿಸದ, ಕಾರವಾರದಿಂದ ಭಟ್ಕಳದವರೆಗೆ ಸಮುದ್ರದ ಪಕ್ಕ ವಾಸಿಸುವ ನಮಗೆ ಮಾತ್ರ ಅಂಟಿಕೊಂಡ ಒಂದು ಕಾರಣ ಉಪ್ಪುಗಾಳಿ. ಚೆನ್ನಾಗಿ ನಡೆಯುತ್ತಿದ್ದ ಸಾಧನ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಬೂಟ್ ಆಗಲಿಲ್ಲ. ಚಾರ್ಜರ್, ಬೂಟ್‌ಲೋಡರ್, ಕಡತಗಳು ಎಲ್ಲವೂ ಸರಿಯಾಗಿದ್ದವು. ಯುಎಸ್‌ಬಿ ಪ್ಲಗ್ಗನ್ನು ಹೊರಗೆಳೆದು ಟಾರ್ಚಿನ ಬೆಳಕಿನಲ್ಲಿ ನೋಡಿದಾಗ ಲೋಹದ ಕವಚದ ಅಂಚಿನಲ್ಲಿ ಕಂದು ತುಕ್ಕು, ಒಳಗಿನ ಪಟ್ಟಿಗಳಲ್ಲಿ ಒಂದರ ಮೇಲೆ ಹಸಿರು ಕಿಲುಬಿನ ಚುಕ್ಕೆ ಕಾಣಿಸಿತು. ಯುಎಸ್‌ಬಿ 3 ಪ್ಲಗ್ಗಿನ ಹಿಂಬದಿಯ ಐದು ಸಣ್ಣ ಸಂಪರ್ಕಗಳು ವೇಗದ ಸಂವಹನಕ್ಕೆಂದೇ ಇರುವಂಥವು. ಅವುಗಳಲ್ಲಿ ಒಂದು ಮಲಿನವಾದರೂ ಡಿಸ್ಕ್ ಕಾಣಿಸಿಕೊಂಡು ಮತ್ತೆ ಮರೆಯಾಗುತ್ತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೃದುವಾದ ಬ್ರಷ್ಷಿನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಚುಚ್ಚಿದೆ, ಬೂಟ್ ಆಯಿತು. ಅಂದಿನಿಂದ ಸಾಧನವನ್ನು ಕಿಟಕಿಯಿಂದ ದೂರ, ಗೋಡೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಅದರ ಬಿಸಿಯೇ ಸುತ್ತಲಿನ ತೇವವನ್ನು ಒಂದಿಷ್ಟು ದೂರವಿಡುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಅದನ್ನು ಆರಿಸಿಡುವುದಕ್ಕಿಂತ ನಡೆಯುತ್ತಿರಲು ಬಿಡುವುದೇ ವಾಸಿ.

ಉಳಿದ ಗುಣಾವಗುಣಗಳನ್ನು ಚುಟುಕಾಗಿ ಹೇಳುವುದಾದರೆ, ಗಿಗಾಬಿಟ್ ಲ್ಯಾನ್ ಚೆನ್ನಾಗಿದೆ, ಲೋಹದ ಕೇಸ್ ಇದ್ದರೆ ಫ್ಯಾನ್ ಬೇಕಿಲ್ಲ, ಎಸ್‌ಎಸ್‌ಡಿಯ ಯುಎಸ್‌ಬಿ 3 ಕೇಬಲ್ ಹತ್ತಿರವಿದ್ದರೆ 2.4 ಗಿಗಾಹರ್ಟ್ಸ್ ವೈಫೈ ಸಂಕೇತ ಕುಗ್ಗುತ್ತದೆ. ನಿಶ್ಚಿಂತೆಯಿಂದ ನಡೆಯಬೇಕೆನ್ನುವವರಿಗೆ ನಾನು ಇದನ್ನು ಶಿಫಾರಸು ಮಾಡುತ್ತೇನೆ, ಆದರೆ ಅಧಿಕೃತ ಚಾರ್ಜರ್ ಮತ್ತು ಲಿನಕ್ಸಿನಲ್ಲಿ ನಡೆಯುತ್ತದೆಂದು ಖಾತರಿಯಿರುವ ಅಡಾಪ್ಟರ್ ಸೇರಿಸಿ ಲೆಕ್ಕ ಹಾಕಿದ ಬೆಲೆಗೆ ಮಾತ್ರ.

ಹಾಗೆಯೇ ಒಂದು ಹಳೆಯ ಕಾರ್ಡನ್ನು ಬೂಟ್‌ಲೋಡರ್ ಸರಿಪಡಿಸುವುದಕ್ಕೆಂದೇ ಮೀಸಲಿಡುವುದು ಒಳ್ಳೆಯದು. ಇಮೇಜರ್‌ನಲ್ಲಿ ಇತರ ಉಪಕರಣಗಳ ವಿಭಾಗಕ್ಕೆ ಹೋಗಿ, ಪೈ 4ರ ಬೂಟ್‌ಲೋಡರ್ ಆಯ್ಕೆಯಡಿ ಯುಎಸ್‌ಬಿ ಬೂಟ್ ಎಂಬುದನ್ನು ಆ ಕಾರ್ಡಿಗೆ ಬರೆಸಬೇಕು. ಈಈಪ್ರಾಮ್‌ನಲ್ಲಿ ಏನೇ ಕೆಟ್ಟಿದ್ದರೂ, ಡಿಸ್ಕುಗಳನ್ನೆಲ್ಲ ಕಿತ್ತು ಈ ಕಾರ್ಡನ್ನು ಹಾಕಿ ಕರೆಂಟು ಕೊಟ್ಟರೆ ಕೆಲವೇ ಕ್ಷಣಗಳಲ್ಲಿ ಹಸಿರು ದೀಪ ಎಡೆಬಿಡದೆ ಮಿನುಗತೊಡಗುತ್ತದೆ, ಟಿವಿ ಜೋಡಿಸಿದ್ದರೆ ಪರದೆ ಪೂರ್ತಿ ಹಸಿರಾಗುತ್ತದೆ. ಹೊಸ ಬೂಟ್‌ಲೋಡರ್ ಕುಳಿತಿತು ಎಂಬುದಕ್ಕೆ ಅದೇ ಗುರುತು. ಆಮೇಲೆ ಕರೆಂಟು ತೆಗೆದು, ಕಾರ್ಡನ್ನು ಹೊರಗೆಳೆದು, ಎಸ್‌ಎಸ್‌ಡಿಯನ್ನು ನೀಲಿ ಪೋರ್ಟಿಗೆ ಚುಚ್ಚಿ ಮತ್ತೆ ಚಾಲೂ ಮಾಡಬೇಕು.